ದಪ್ಪಗಿರುವವರನ್ನು ಬೈಯುವ ಮೊದಲು ಮನೆತನ ಕೇಳಿ, ಗುಳಿಗೆ ಚೀಟಿ ನೋಡಿ

ಯಾದಗಿರಿ ಜಿಲ್ಲೆಯಲ್ಲಿ ಕೂತು ಬೊಜ್ಜಿನ ಬಗ್ಗೆ ಬರೆಯುತ್ತೇವೆ ಎಂದರೆ ನಗುವವರೇ ಹೆಚ್ಚು. ನಮ್ಮ ಜಿಲ್ಲೆ ಸುದ್ದಿಯಾಗುವುದು ಗುಳೆ ಹೋಗುವವರಿಂದ, ಅಪೌಷ್ಟಿಕ ಮಕ್ಕಳಿಂದ, ರಕ್ತ ಕಡಿಮೆ ಇರುವ ಬಾಣಂತಿಯರಿಂದ. 2021ರ ಡಿಸೆಂಬರ್‌ನಲ್ಲಿ ಶಾಲೆಯ ಬಿಸಿಯೂಟಕ್ಕೆ ಮೊಟ್ಟೆ ಸೇರಿಸಿದಾಗ ಮೊದಲು ಆರಿಸಿಕೊಂಡ ಜಿಲ್ಲೆಗಳಲ್ಲಿ ನಮ್ಮದೂ ಇತ್ತು. ಕಾರಣ ಎಲ್ಲರಿಗೂ ಗೊತ್ತಿರುವುದೇ. "ಉಣ್ಣಾಕ ಇಲ್ಲದ ಊರಾಗ ದಪ್ಪ ಆದೋರ ಸುದ್ದಿ ಯಾಕ್ರೀ?" ಎಂದು ಕೇಳಿದರೆ ನಮ್ಮ ಉತ್ತರ ಇಷ್ಟೇ: ಈಗ ಎರಡೂ ಒಂದೇ ಮನೆಯಲ್ಲಿವೆ. ಮೊಮ್ಮಗು ತೂಕ ಹಿಡಿಯುತ್ತಿಲ್ಲ, ಅಜ್ಜಿಗೆ ಮೊಣಕಾಲು ಮಡಚಿ ಕೂತರೆ ಏಳಲಾಗುತ್ತಿಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಿ. 2015-16ರಲ್ಲಿ ಕರ್ನಾಟಕದ ಹೆಂಗಸರಲ್ಲಿ ಶೇ 23.3, ಗಂಡಸರಲ್ಲಿ ಶೇ 22.1 ಮಂದಿಗೆ ಅತಿತೂಕ ಅಥವಾ ಬೊಜ್ಜು ಇತ್ತು. 2019-21ರ ಸಮೀಕ್ಷೆಗೆ ಇದು ಹೆಂಗಸರಲ್ಲಿ ಶೇ 30.1, ಗಂಡಸರಲ್ಲಿ ಶೇ 30.9 ಆಯಿತು. ಇದು ಬೆಂಗಳೂರಿನ ಜಿಮ್‌ಗಳ ಸುದ್ದಿ ಎಂದು ತಳ್ಳಿಹಾಕುವವರು ಯಾದಗಿರಿ ಬಸ್ ನಿಲ್ದಾಣದಲ್ಲೋ ಶಹಾಪುರದ ಸಂತೆಯಲ್ಲೋ ಅರ್ಧ ಗಂಟೆ ನಿಂತು ನೋಡಲಿ.

ದಪ್ಪಗಿರುವವರ ಬಗ್ಗೆ ನಮ್ಮೂರುಗಳಲ್ಲಿ ಮೂರು ಮಾತು ಓಡಾಡುತ್ತವೆ. ಒಂದು, "ಕುಂತು ಉಂತಾರ." ಎರಡು, "ಅವರ ಮನಿತನದ ಮೈಯೇ ಹಂಗ ಅದ." ಮೂರು, "ಥೈರಾಯ್ಡ್ ಇರಬೇಕು ತಗೋ." ಮೊದಲನೆಯದು ಬೈಗುಳ. ಉಳಿದ ಎರಡು ಸಮಾಧಾನದ ಮಾತಿನಂತೆ ಕೇಳುತ್ತವೆ, ಆದರೆ ಕೆಲಸ ಒಂದೇ: ಮಾತು ಅಲ್ಲಿಗೇ ಮುಗಿಸುವುದು. ಮನೆತನ, ಹಾರ್ಮೋನ್ ಎರಡೂ ಬೊಜ್ಜಿಗೆ ನಿಜವಾದ ಕಾರಣಗಳೇ. ಅದಕ್ಕೇ ಅವು ನೆಪವಾಗಬಾರದು, ತಪಾಸಣೆಯ ಮೊದಲ ಪ್ರಶ್ನೆಗಳಾಗಬೇಕು ಎಂಬುದು ನಮ್ಮ ವಾದ. ನಾವು ವೈದ್ಯರಲ್ಲ, ಪತ್ರಿಕೋದ್ಯಮ ಓದಿದ ಹಳ್ಳಿ ಹುಡುಗ ಹುಡುಗಿಯರು. ಆದರೆ ಗೊತ್ತಿರುವುದನ್ನು ನಮ್ಮ ಜನಕ್ಕೆ ತಿಳಿಯುವ ಹಾಗೆ ಹೇಳುವುದು ನಮ್ಮ ಕೆಲಸ.

ಮನೆತನ ಎಂದರೆ ಏನು?

1986ರಲ್ಲಿ ಆಲ್ಬರ್ಟ್ ಸ್ಟಂಕರ್ಡ್ ಎಂಬ ಅಮೆರಿಕದ ವೈದ್ಯರು ಡೆನ್ಮಾರ್ಕಿನಲ್ಲಿ ದತ್ತು ಹೋಗಿ ಬೆಳೆದ 540 ವಯಸ್ಕರನ್ನು ಕುರಿತ ಅಧ್ಯಯನ ಪ್ರಕಟಿಸಿದರು. ಕೇಳಿದ ಪ್ರಶ್ನೆ ಸರಳ: ಇವರ ಮೈಕಟ್ಟು ಹೆತ್ತವರದ್ದನ್ನು ಹೋಲುತ್ತದೋ, ಸಾಕಿದವರದ್ದನ್ನೋ? ಹೋಲಿದ್ದು ಹೆತ್ತವರದ್ದನ್ನು. ಒಂದೇ ಅಡುಗೆಮನೆಯಲ್ಲಿ ಉಂಡು ಬೆಳೆದರೂ ಸಾಕಿದವರ ತೂಕಕ್ಕೂ ಮಕ್ಕಳ ತೂಕಕ್ಕೂ ನಂಟು ಕಾಣಲಿಲ್ಲ. ಅವಳಿಗಳ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟಾಗಿ ನೋಡಿದರೆ, ಜನರ ತೂಕದಲ್ಲಿ ಕಾಣುವ ವ್ಯತ್ಯಾಸದ ಶೇ 40ರಿಂದ 70ರಷ್ಟು ಭಾಗ ವಂಶವಾಹಿಗಳಿಂದ ಬರುತ್ತದೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ಹಾಗಾಗಿ "ಕುಂತು ಉಂತಾರ" ಎಂದು ಬೆರಳು ತೋರಿಸುವವರು ಸ್ವಲ್ಪ ತಡೆಯಬೇಕು.

ಆದರೆ ಮನೆತನ ಹಣೆಬರಹವಲ್ಲ. 2007ರಲ್ಲಿ ಎಫ್‌ಟಿಒ ಎಂಬ ವಂಶವಾಹಿಗೂ ಬೊಜ್ಜಿಗೂ ಇರುವ ನಂಟು ಗೊತ್ತಾಯಿತು. ಅದರ ಅಪಾಯದ ರೂಪ ತಾಯಿ, ತಂದೆ ಇಬ್ಬರಿಂದಲೂ ಬಂದವರು ಉಳಿದವರಿಗಿಂತ ಸರಾಸರಿ 3 ಕಿಲೋ ಹೆಚ್ಚು ತೂಗುತ್ತಾರೆ. ಬರೀ 3 ಕಿಲೋ. ಇಪ್ಪತ್ತೋ ಮೂವತ್ತೋ ಕಿಲೋ ಅಲ್ಲ. 2011ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ವಯಸ್ಕರ ಮಾಹಿತಿ ಸೇರಿಸಿ ನೋಡಿದಾಗ, ಮೈ ಬಗ್ಗಿಸಿ ದುಡಿಯುವ, ಓಡಾಡುವ ಜನರಲ್ಲಿ ಈ ವಂಶವಾಹಿಯಿಂದ ಬರುವ ಬೊಜ್ಜಿನ ಅಪಾಯ ಸುಮಾರು ಶೇ 27ರಷ್ಟು ಕಡಿಮೆ ಇತ್ತು.

ನಮ್ಮ ಜಿಲ್ಲೆಯನ್ನು ಇದರ ಪಕ್ಕ ಇಟ್ಟು ನೋಡಿ. ಅಜ್ಜ ಅಜ್ಜಿಯ ರಕ್ತವೇ ನಮ್ಮಲ್ಲೂ ಇದೆ, ಎರಡು ತಲೆಮಾರಿನಲ್ಲಿ ವಂಶವಾಹಿ ಬದಲಾಗುವುದಿಲ್ಲ. ಬದಲಾಗಿರುವುದು ಹೊಲ, ತಾಟು, ದಾರಿ. ಬಸವಸಾಗರದ ಕಾಲುವೆ ನೀರು ಬಂದ ಮೇಲೆ ಶಹಾಪುರ, ಸುರಪುರದ ಎಷ್ಟೋ ಎರೆಹೊಲಗಳು ಜೋಳ ಬಿಟ್ಟು ಭತ್ತಕ್ಕೆ ತಿರುಗಿದವು. 2013ರಲ್ಲಿ ಅನ್ನಭಾಗ್ಯ ಬಂತು. ಅದು ಹಸಿವು ನೀಗಿಸಿತು, ಅದನ್ನು ಹೀಗಳೆಯುವ ಮಾತು ನಮ್ಮದಲ್ಲ. ಆದರೆ ಎರಡು ಹೊತ್ತು ಬಿಳಿ ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಬ್ಯಾಳಿ ಉಣ್ಣುತ್ತಿದ್ದ ಮನೆಗಳಲ್ಲಿ ಈಗ ಅನ್ನವೇ ಮುಂದು, ರೊಟ್ಟಿ ಹಿಂದು. ಸಂಜೆಗೆ ಮಿರ್ಚಿ ಭಜಿ, ದಿನಕ್ಕೆ ಆರು ಸಲ ಸಕ್ಕರೆ ಚಹಾ. ನಡೆದು ಹೋಗುತ್ತಿದ್ದ ಹೊಲಕ್ಕೆ ಬೈಕು. ರಾಶಿ ಮಾಡಲು ಮಷೀನು. ಮನೆತನ ತುಂಬಿಟ್ಟ ಬಂದೂಕಿಗೆ ಕುದುರೆ ಎಳೆದದ್ದು ಈ ಬದಲಾವಣೆ.

ಇನ್ನೊಂದು ಮಾತನ್ನೂ ಹೇಳಬೇಕು. ನಮ್ಮ ಕಡೆ ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆ ಮನೆಗೆ ಕೊಡುವುದು ಸಾಮಾನ್ಯ. ಸಾಧಾರಣ ಬೊಜ್ಜಿಗೆಲ್ಲ ಇದೇ ಕಾರಣ ಎನ್ನಲಾಗದು. ಆದರೆ ಹುಟ್ಟಿದ ಕೆಲವೇ ತಿಂಗಳಲ್ಲಿ ಮಗು ವಿಪರೀತ ಹಸಿದು ಅಳುವುದು, ವರ್ಷ ತುಂಬುವಷ್ಟರಲ್ಲಿ ಬಹಳ ದಪ್ಪವಾಗುವುದು ಅಪರೂಪಕ್ಕೆ ಒಂದೇ ವಂಶವಾಹಿಯ ದೋಷದಿಂದ ಆಗುತ್ತದೆ. ರಕ್ತಸಂಬಂಧದ ಮದುವೆಗಳಲ್ಲಿ ಅಂಥ ದೋಷ ಎರಡು ಕಡೆಯಿಂದಲೂ ಕೂಡುವ ಸಾಧ್ಯತೆ ಹೆಚ್ಚು. 1997ರಲ್ಲಿ ಲೆಪ್ಟಿನ್ ಹಾರ್ಮೋನ್ ಇಲ್ಲದೆ ಹುಟ್ಟಿದ ಇಬ್ಬರು ಮಕ್ಕಳು ಇಂಗ್ಲೆಂಡಿನಲ್ಲಿ ಪತ್ತೆಯಾದದ್ದು ಇಂಥದೇ ಒಂದು ಕುಟುಂಬದಲ್ಲಿ. ಅವರಿಗೆ ಆ ಹಾರ್ಮೋನನ್ನೇ ಸೂಜಿಯಲ್ಲಿ ಕೊಡುವ ಚಿಕಿತ್ಸೆ ಇದೆ. ಇಂಥ ಮಗುವನ್ನು "ಗುಂಡಗ ಅದ, ಚೆಂದ ಅದ" ಎಂದು ಎತ್ತಿ ಆಡಿಸುವುದಷ್ಟೇ ಅಲ್ಲ, ದೊಡ್ಡಾಸ್ಪತ್ರೆಗೆ ತೋರಿಸಬೇಕು.

ಹಸಿವೂ ಮನೆತನದ ಕತೆಯೇ

ಬರಗಾಲದ ಜಿಲ್ಲೆಯಲ್ಲಿ ಬೊಜ್ಜು ಹೇಗೆ ಎಂಬ ಪ್ರಶ್ನೆಗೆ ಉತ್ತರದ ಒಂದು ಎಳೆ ನಮ್ಮ ರಾಜ್ಯದಲ್ಲೇ ಇದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದವನ್ನು ಜೋಪಾನವಾಗಿ ಬರೆದಿಟ್ಟಿದ್ದರು. ದಶಕಗಳ ನಂತರ ಸಂಶೋಧಕರು ಆ ದಾಖಲೆ ಹಿಡಿದು, ಅದೇ ಮಕ್ಕಳು ದೊಡ್ಡವರಾಗಿ ಹೇಗಿದ್ದಾರೆ ಎಂದು ಹುಡುಕಿದರು. ಹುಟ್ಟುವಾಗ ಕಡಿಮೆ ತೂಕ ಇದ್ದವರಲ್ಲಿ ಮುಂದೆ ಹೃದಯದ ಕಾಯಿಲೆ ಹೆಚ್ಚಾಗಿತ್ತು. ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಶುರುವಾದ ಇನ್ನೊಂದು ಅಧ್ಯಯನದಲ್ಲಿ, ಬಸುರಿನಲ್ಲಿ ಸಕ್ಕರೆ ಕಾಯಿಲೆ ಬಂದ ತಾಯಂದಿರ ಮಕ್ಕಳಲ್ಲಿ ಬೆಳೆಯುತ್ತಾ ಹೋದಂತೆ ಕೊಬ್ಬಿನಂಶ ಹೆಚ್ಚಾಗಿರುವುದು ಕಂಡುಬಂತು.

ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಅವರು ಪುಣೆ ಸುತ್ತಲಿನ ಹಳ್ಳಿಗಳಲ್ಲಿ ಕಂಡದ್ದೂ ಇದಕ್ಕೆ ಹತ್ತಿರ: ನಮ್ಮ ಕೂಸುಗಳು ಹುಟ್ಟುವಾಗಲೇ ಸಣ್ಣ, ಆದರೆ ಆ ಸಣ್ಣ ಮೈಯಲ್ಲೂ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು. ಇದನ್ನು ವಿವರಿಸಲು ಯಾಜ್ಞಿಕ್ ತಮ್ಮನ್ನೂ ಇಂಗ್ಲೆಂಡಿನ ಗೆಳೆಯ ಯುಡ್ಕಿನ್ ಅವರನ್ನೂ ಪಕ್ಕಪಕ್ಕ ನಿಲ್ಲಿಸಿ 2004ರಲ್ಲಿ ಒಂದು ಚಿತ್ರ ಪ್ರಕಟಿಸಿದರು. ಇಬ್ಬರ ಬಿಎಂಐ ಒಂದೇ, 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ತಕ್ಕಡಿಗೆ ಇಬ್ಬರೂ ಒಂದೇ, ರಕ್ತನಾಳಕ್ಕೆ ಒಂದೇ ಅಲ್ಲ.

ಹಾಲೆಂಡಿನಲ್ಲಿ 1944-45ರ ಚಳಿಗಾಲದಲ್ಲಿ ಯುದ್ಧದಿಂದ ಘೋರ ಹಸಿವು ಬಿತ್ತು. ಆ ಹಸಿವಿನ ಸಮಯ ತಾಯಿಯ ಬಸುರಿನ ಮೊದಲ ತಿಂಗಳುಗಳಿಗೆ ಸಿಕ್ಕ ಗಂಡುಮಕ್ಕಳಲ್ಲಿ, 19ನೇ ವಯಸ್ಸಿಗೆ ಬೊಜ್ಜು ಹೆಚ್ಚಿತ್ತು. ನಮ್ಮ ಭಾಗದ ಹಿರಿಯರು ಇವತ್ತಿಗೂ 1972ರ ಬರ ನೆನೆಯುತ್ತಾರೆ. ಆಗ ಹೊಟ್ಟೆಯಲ್ಲಿದ್ದ ಕೂಸುಗಳಿಗೆ ಈಗ ಐವತ್ತು ದಾಟಿದೆ. ಅವರ ಮೈಯ ಕತೆಯನ್ನು ಬರೆದಿಟ್ಟ ದಾಖಲೆ ನಮ್ಮ ಕೈಯಲ್ಲಿಲ್ಲ, ಹಾಗಾಗಿ ಅವರ ಬೊಜ್ಜಿಗೆ ಆ ಬರವೇ ಕಾರಣ ಎಂದು ನಾವು ಹೇಳುವುದಿಲ್ಲ. ಆದರೆ ಒಂದು ಮಾತು ಗಟ್ಟಿ: ಮನೆತನದಿಂದ ಬರುವುದು ರಕ್ತ ಮಾತ್ರ ಅಲ್ಲ, ಅವ್ವ ಉಂಡದ್ದೂ ಉಣ್ಣದ್ದೂ ಬರುತ್ತದೆ. ಇವತ್ತು ರಕ್ತ ಕಡಿಮೆ ಇರುವ ಬಸುರಿಗೆ ಸರಿಯಾದ ಊಟ ಕೊಡುವುದು ನಾಳೆಯ ಬೊಜ್ಜು, ಸಕ್ಕರೆ ಕಾಯಿಲೆ ತಡೆಯುವ ಕೆಲಸವೂ ಹೌದು. ಹಸಿವು ಬೇರೆ, ಬೊಜ್ಜು ಬೇರೆ ಎಂದು ಎರಡು ಫೈಲ್ ಮಾಡುವುದನ್ನು ಸರ್ಕಾರ ಬಿಡಬೇಕು.

ಹಾರ್ಮೋನ್ ಎಂದರೆ ಥೈರಾಯ್ಡ್ ಒಂದೇ ಅಲ್ಲ

ಥೈರಾಯ್ಡ್ ಎಂಬ ಪದ ನಮ್ಮ ಊರುಗಳಲ್ಲಿ ದಪ್ಪಕ್ಕೆ ಇನ್ನೊಂದು ಹೆಸರಾಗಿಬಿಟ್ಟಿದೆ. ಥೈರಾಯ್ಡ್ ಕಡಿಮೆಯಾದರೆ ತೂಕ ಏರುವುದು ನಿಜ, ಆದರೆ ಸಾಮಾನ್ಯವಾಗಿ 2ರಿಂದ 5 ಕಿಲೋ, ಅದರಲ್ಲೂ ಹೆಚ್ಚಿನದು ನೀರು ಮತ್ತು ಉಪ್ಪು. ಅದರ ಜೊತೆ ಸುಸ್ತು, ಚಳಿ ತಡೆಯಲಾಗದಿರುವುದು, ಮಲಬದ್ಧತೆ, ಒಣ ಚರ್ಮ, ಮುಟ್ಟಿನ ಏರುಪೇರು ಇರುತ್ತವೆ. ಟಿಎಸ್ಎಚ್ ಎಂಬ ಒಂದು ರಕ್ತ ಪರೀಕ್ಷೆಯಿಂದ ಗೊತ್ತಾಗುತ್ತದೆ. ಪರೀಕ್ಷೆ ಇಲ್ಲದೆ ಅಕ್ಕನ ಗುಳಿಗೆ ತಂಗಿ ನುಂಗುವುದು, ತೂಕ ಇಳಿಸಲೆಂದು ಡೋಸ್ ಹೆಚ್ಚಿಸಿಕೊಳ್ಳುವುದು ಎದೆಬಡಿತಕ್ಕೂ ಎಲುಬಿಗೂ ಕೇಡು. ಇನ್ನೊಂದು ಸಣ್ಣ ಸಂಗತಿ: ರಕ್ತ ಹೆಚ್ಚಾಗಲು ಕೊಡುವ ಕಬ್ಬಿಣಾಂಶದ ಗುಳಿಗೆ, ಕ್ಯಾಲ್ಸಿಯಂ ಗುಳಿಗೆ ಎರಡೂ ಥೈರಾಯ್ಡ್ ಗುಳಿಗೆಯ ಕೆಲಸ ಕೆಡಿಸುತ್ತವೆ. ನಡುವೆ ನಾಲ್ಕು ತಾಸಿನ ಅಂತರ ಬೇಕು. ನಮ್ಮ ಜಿಲ್ಲೆಯ ಎಷ್ಟೋ ಹೆಣ್ಣುಮಕ್ಕಳ ಕೈಯಲ್ಲಿ ಈ ಗುಳಿಗೆಗಳು ಒಟ್ಟಿಗೇ ಇರುತ್ತವೆ. ಹೇಳುವವರು ಬೇಕು.

ಇನ್ನು ಪಿಸಿಒಎಸ್. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ, ಮುಖದ ಮೇಲೆ ಕೂದಲು, ಮೊಡವೆ, ಹೊಟ್ಟೆಯ ಸುತ್ತ ಬೊಜ್ಜು. ಮೈ ಇನ್ಸುಲಿನ್‌ಗೆ ಸರಿಯಾಗಿ ಓಗೊಡದಿದ್ದಾಗ ರಕ್ತದಲ್ಲಿ ಅದು ಹೆಚ್ಚಾಗುತ್ತದೆ, ಹೆಚ್ಚಾದ ಇನ್ಸುಲಿನ್ ಅಂಡಾಶಯದಿಂದ ಗಂಡು ಹಾರ್ಮೋನ್ ಹೆಚ್ಚು ಹೊರಡಿಸುತ್ತದೆ, ಬೊಜ್ಜು ಏರಿದಷ್ಟೂ ಇದು ಸುತ್ತಿ ಸುತ್ತಿ ಬಿಗಿಯಾಗುತ್ತದೆ. ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ದಪ್ಪವಾಗುವುದು ಇದರ ಒಂದು ಗುರುತು. ನಮ್ಮಲ್ಲಿ ಅದನ್ನು ಕೊಳೆ ಎಂದು ಕಲ್ಲಿನಿಂದ ತಿಕ್ಕುತ್ತಾರೆ. ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದ್ದರೆ ಈ ಗುರುತನ್ನು ಇನ್ನಷ್ಟು ಗಂಭೀರವಾಗಿ ನೋಡಬೇಕು. ಮೈತೂಕದ ಶೇ 5ರಿಂದ 10ರಷ್ಟು ಇಳಿದರೂ ಎಷ್ಟೋ ಜನರಲ್ಲಿ ಮುಟ್ಟು ಸರಿಹೋಗುತ್ತದೆ. ಇದು ಗೊತ್ತಿಲ್ಲದ ಮನೆಗಳಲ್ಲಿ ಹುಡುಗಿಯ ಮೇಲೆ "ಮೈ ಬೆಳೆಸ್ಯಾಳ", "ಮಕ್ಕಳಾಗಲ್ಲ" ಎಂಬ ಮಾತು ಬೀಳುತ್ತದೆ. ನೋಡಲು ಬಂದ ಗಂಡಿನ ಕಡೆಯವರು ಎದ್ದು ಹೋಗುತ್ತಾರೆ, ಮದುವೆಯಾಗಿದ್ದರೆ ಎರಡನೇ ಮದುವೆಯ ಮಾತು ಶುರುವಾಗುತ್ತದೆ. ಕಾಯಿಲೆಗೆ ಹೆಸರು ಸಿಗದಿದ್ದರೆ ಹೆಂಗಸಿಗೆ ಹೆಸರು ಇಡುತ್ತಾರೆ.

ಮೂರನೆಯದು, ನಮ್ಮ ಭಾಗದ ನೋವಿನ ವಿಷಯ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಈಸ್ಟ್ರೋಜನ್ ಇಳಿದಾಗ ಕೊಬ್ಬು ಸೊಂಟ, ತೊಡೆಯಿಂದ ಹೊಟ್ಟೆಯ ಕಡೆ ಸರಿಯುತ್ತದೆ. ಸಹಜವಾಗಿ ಆದರೆ ಇದು ಐವತ್ತರ ಆಸುಪಾಸಿನ ಮಾತು. ಆದರೆ ಬಿಳುಪು ಹೋಗುತ್ತದೆ, ಹೊಟ್ಟೆನೋವು ಎಂದು ಹೋದವರ ಗರ್ಭಚೀಲವನ್ನೇ ಮೂವತ್ತು, ಮೂವತ್ತೈದಕ್ಕೆ ತೆಗೆಸಿದರೆ? ಜೊತೆಗೆ ಅಂಡಾಶಯವನ್ನೂ ತೆಗೆದಿದ್ದರೆ ಒಂದೇ ದಿನದಲ್ಲಿ ಈಸ್ಟ್ರೋಜನ್ ನಿಂತಂತೆ. ಬಿಟ್ಟಿದ್ದರೂ ಮುಟ್ಟು ನಿಲ್ಲುವ ಬದಲಾವಣೆಗಳು ಬೇಗ ಬರಬಹುದು. ಪಕ್ಕದ ಕಲಬುರಗಿಯಲ್ಲಿ 2015ರಲ್ಲಿ, ಬಡ ಹೆಂಗಸರಿಗೆ, ಅದರಲ್ಲೂ ತಾಂಡಾಗಳ ಲಂಬಾಣಿ ಹೆಂಗಸರಿಗೆ ಬೇಡದ ಗರ್ಭಕೋಶ ಶಸ್ತ್ರಚಿಕಿತ್ಸೆ ಮಾಡಿದ ಪ್ರಕರಣ ಬಯಲಾಗಿ ಆರೋಗ್ಯ ಇಲಾಖೆ ತನಿಖೆ ಮಾಡಿಸಿತು, ಹೆಂಗಸರು ಬೀದಿಗಿಳಿದು ನ್ಯಾಯ ಕೇಳಿದರು. ಆಪರೇಷನ್ ಆದ ಮೇಲೆ ಮೈ ಭಾರ, ಸೊಂಟನೋವು, ಕೈಕಾಲಲ್ಲಿ ಉರಿ ಎನ್ನುವ ಹೆಂಗಸಿಗೆ "ಉಂಡು ದಪ್ಪ ಆಗೀರಿ, ವಾಕಿಂಗ್ ಮಾಡ್ರಿ" ಎನ್ನುವುದು ಎರಡನೇ ಅನ್ಯಾಯ.

ನಾಲ್ಕನೆಯದು ಗುಳಿಗೆ ಚೀಟಿಯಲ್ಲಿರುವ ಹಾರ್ಮೋನ್. ಮೊಣಕಾಲು ನೋವು, ದಮ್ಮು, ತುರಿಕೆ ಎಂದು ಹೋದರೆ ಹೆಸರಿಲ್ಲದ ಪೊಟ್ಟಣದಲ್ಲಿ ನಾಲ್ಕು ಬಣ್ಣದ ಗುಳಿಗೆ ಕೊಡುವವರು ಪ್ರತಿ ಹೋಬಳಿಯಲ್ಲೂ ಸಿಗುತ್ತಾರೆ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಎರಡೇ ದಿನದಲ್ಲಿ ನೋವು ಮಾಯ. "ಕೈಗುಣ ಛಲೋ ಅದ" ಎಂದು ಜನ ಮತ್ತೆ ಹೋಗುತ್ತಾರೆ. ತಿಂಗಳುಗಟ್ಟಲೆ ನುಂಗಿದರೆ ಮುಖ ಚಂದ್ರನ ಹಾಗೆ ದುಂಡಗಾಗುತ್ತದೆ, ಹೊಟ್ಟೆ ಮುಂದೆ ಬರುತ್ತದೆ, ಕೈಕಾಲು ಸಣ್ಣಗಾಗುತ್ತವೆ, ಹೊಟ್ಟೆಯ ಮೇಲೆ ನೇರಳೆ ಗೆರೆ ಬೀಳುತ್ತವೆ, ಸಕ್ಕರೆ, ಬಿಪಿ ಏರುತ್ತವೆ. ಸ್ಟೀರಾಯ್ಡ್ ಕೆಟ್ಟ ಔಷಧಿ ಅಲ್ಲ, ಬೇಕಾದಲ್ಲಿ ಜೀವ ಉಳಿಸುತ್ತದೆ. ಗೊತ್ತಿಲ್ಲದೆ ತಿನ್ನಿಸುವುದು ಕೆಟ್ಟದ್ದು. ಬಹಳ ದಿನ ತಿಂದವರು ಇದನ್ನು ಓದಿ ಇವತ್ತೇ ಬಿಡಬೇಡಿ. ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ. ವೈದ್ಯರ ಬಳಿ ಪೊಟ್ಟಣ ಸಮೇತ ಹೋಗಿ, ನಿಧಾನಕ್ಕೆ ಇಳಿಸಬೇಕು. ಮಾನಸಿಕ ಕಾಯಿಲೆ, ಮೂರ್ಛೆರೋಗಕ್ಕೆ ಕೊಡುವ ಕೆಲವು ಗುಳಿಗೆ, ಮೂರು ತಿಂಗಳಿಗೊಮ್ಮೆ ಕೊಡುವ ಗರ್ಭನಿರೋಧಕ ಸೂಜಿಯಿಂದಲೂ ಕೆಲವರಿಗೆ ತೂಕ ಏರುತ್ತದೆ. ಅವನ್ನೂ ಕೇಳದೆ ಬಿಡಬಾರದು, ಕೇಳಿದರೆ ಬದಲಿ ಸಿಗಬಹುದು.

ಇಳಿಸಿದ ತೂಕ ಮತ್ತೆ ಬಂದರೆ ನಗುವವರಿಗೆ ಒಂದು ಮಾತು. 1994ರಲ್ಲಿ ಪತ್ತೆಯಾದ ಲೆಪ್ಟಿನ್ ಹಾರ್ಮೋನನ್ನು ಮೈಯ ಕೊಬ್ಬೇ ಹೊರಡಿಸುತ್ತದೆ, "ಸಾಕು" ಎಂದು ಮೆದುಳಿಗೆ ಹೇಳುವುದು ಅದರ ಕೆಲಸ. ತೂಕ ಇಳಿದಾಗ ಲೆಪ್ಟಿನ್ ಕೂಡ ಇಳಿಯುತ್ತದೆ, ಹಸಿವು ಏರುತ್ತದೆ. ಮೈ ಬರಗಾಲ ಬಂತೆಂದು ತಿಳಿದು ಕೂಡಿಡಲು ಹೊರಡುತ್ತದೆ. ಇದು ಮನಸ್ಸಿನ ಸೋಲಲ್ಲ.

ನಾವು ಕೇಳುವುದು

ದೊಡ್ಡ ಯಂತ್ರ, ಹೊಸ ಯೋಜನೆ ಯಾವುದನ್ನೂ ನಾವು ಕೇಳುತ್ತಿಲ್ಲ. ಮೂವತ್ತು ದಾಟಿದವರ ತಪಾಸಣೆಗೆ ಆಶಾ ಕಾರ್ಯಕರ್ತೆಯರು ತುಂಬುವ ನಮೂನೆ ಈಗಾಗಲೇ ಇದೆ. ಅದರಲ್ಲಿ ಸೊಂಟದ ಸುತ್ತಳತೆ ಬರೆಯುವ ಜಾಗವಿದೆ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಬಿಪಿ, ಸಕ್ಕರೆ, ಹೃದಯದ ಕಾಯಿಲೆ ಇದೆಯೇ ಎಂಬ ಪ್ರಶ್ನೆಯಿದೆ. ಇದ್ದರೆ 2 ಅಂಕ. ಒಟ್ಟು ಅಂಕ 4 ದಾಟಿದವರನ್ನು ಮೊದಲು ತಪಾಸಣೆಗೆ ಕಳಿಸಬೇಕು. ಮನೆತನ ಕೇಳುವ ಬಾಗಿಲು ಸರ್ಕಾರವೇ ತೆರೆದಿಟ್ಟಿದೆ ಎಂದಾಯಿತು. ಆ ನಮೂನೆ ಕಣ್ಣಳತೆಯಲ್ಲಿ ತುಂಬಬಾರದು, ಟೇಪು ಹಿಡಿದು ತುಂಬಬೇಕು. ಅದಕ್ಕೆ ಆಶಾ ಅಕ್ಕಂದಿರನ್ನು ಬೈದು ಫಲವಿಲ್ಲ. ಅವರಿಗೆ ಟೇಪು, ಸಮಯ, ಸರಿಯಾದ ಗೌರವಧನ ಕೊಟ್ಟು ಆಮೇಲೆ ಲೆಕ್ಕ ಕೇಳಲಿ.

ಅಳತೆ ಎಲ್ಲರೂ ನೆನಪಿಡಬಹುದಾದದ್ದು. ನಮ್ಮ ಜನರಿಗೆ ಹೆಂಗಸರಲ್ಲಿ 80 ಸೆಂಟಿಮೀಟರ್, ಗಂಡಸರಲ್ಲಿ 90 ಸೆಂಟಿಮೀಟರ್ ದಾಟಿದರೆ ಎಚ್ಚರ. ಬಿಎಂಐ ಕೂಡ ನಮಗೆ 23 ದಾಟಿದರೆ ಅತಿತೂಕ, 25 ದಾಟಿದರೆ ಬೊಜ್ಜು. ಬಿಳಿಯರಿಗೆ ಇಟ್ಟ 25, 30ರ ಗೆರೆ ಕಾಯುತ್ತಾ ಕೂತರೆ ತಡವಾಗುತ್ತದೆ. ಸೊಂಟದ ಸುತ್ತ ಬೊಜ್ಜಿರುವವರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದಾಗ ವೈದ್ಯರು ಮೂರು ಮಾತು ಕೇಳಲಿ: ಮನೆಯಲ್ಲಿ ಯಾರಿಗೆ ಏನಿದೆ? ಮುಟ್ಟು ಹೇಗಿದೆ, ಗರ್ಭಚೀಲ ತೆಗೆಸಿದ್ದಾರೆಯೇ? ಈಗ ಯಾವ ಗುಳಿಗೆ, ಯಾವ ಪೊಟ್ಟಣ ತಿನ್ನುತ್ತಿದ್ದಾರೆ? ಇದಕ್ಕೆ ಐದು ನಿಮಿಷ ಸಾಕು. ಹಾರ್ಮೋನ್ ತಜ್ಞರು ಎಂದರೆ ನಮ್ಮ ಜನ ಇವತ್ತಿಗೂ ಸೊಲ್ಲಾಪುರ, ಹೈದರಾಬಾದಿನ ದಾರಿ ಹಿಡಿಯುತ್ತಾರೆ. ಯಾದಗಿರಿಗೆ ಈಗ ವೈದ್ಯಕೀಯ ಕಾಲೇಜು ಬಂದಿದೆ, ಕಲ್ಯಾಣ ಕರ್ನಾಟಕಕ್ಕೆ 371(ಜೆ) ಇದೆ. ವಾರಕ್ಕೊಂದು ದಿನ ಹಾರ್ಮೋನ್ ತಪಾಸಣೆ ಜಿಲ್ಲೆಯಲ್ಲೇ ನಡೆಯಲಿ, ಟಿಎಸ್ಎಚ್ ಪರೀಕ್ಷೆ ಸುರಪುರ, ಶಹಾಪುರದ ತಾಲ್ಲೂಕು ಆಸ್ಪತ್ರೆಗಳಲ್ಲಿ ತಪ್ಪದೆ ಸಿಗಲಿ ಎಂದು ಕೇಳುವುದು ದುರಾಸೆಯಲ್ಲ.

ನಮ್ಮ ವೃತ್ತಿಯವರಿಗೂ ಒಂದು ಮಾತು. "ಹದಿನೈದು ದಿನದಲ್ಲಿ ಹತ್ತು ಕಿಲೋ", "ಹಾರ್ಮೋನ್ ಸರಿಮಾಡುವ ಪುಡಿ" ಎಂಬ ಜಾಹೀರಾತು ಹಾಕುವ ಪುಟದಲ್ಲೇ ಆರೋಗ್ಯ ಅಂಕಣ ಇರುತ್ತದೆ. ಆ ಪುಡಿಯಲ್ಲಿ ಏನಿದೆ ಎಂದು ಕೇಳುವ ವರದಿಗಾರ ಜಿಲ್ಲೆಗೊಬ್ಬರಾದರೂ ಬೇಕು.

ಮನೆಗಳಲ್ಲಿ ಆಗಬೇಕಾದ ಕೆಲಸ ಇನ್ನೂ ಸುಲಭ. ಹೆಣ್ಣು ನೋಡುವಾಗ ಬಳಿ, ಗೋತ್ರ, ಏಳು ತಲೆಮಾರು ಕೇಳುವ ನಾವು, ಅಪ್ಪನಿಗೆ ಸಕ್ಕರೆ ಯಾವ ವಯಸ್ಸಿಗೆ ಬಂತು, ಅವ್ವನ ಮುಟ್ಟು ಯಾವಾಗ ನಿಂತಿತು, ಕಾಕಾ ಯಾವುದರಿಂದ ಹೋದರು ಎಂದು ನಮ್ಮ ಮನೆಯಲ್ಲೇ ಕೇಳಿಕೊಂಡಿಲ್ಲ. ಬರುವ ಹಬ್ಬಕ್ಕೆ ಎಲ್ಲರೂ ಕೂಡಿದಾಗ ಮಕ್ಕಳ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಬರೆದಿಡಿ. ಆಸ್ಪತ್ರೆಗೆ ಹೋಗುವಾಗ ಆ ಹಾಳೆ, ಮನೆಯಲ್ಲಿರುವ ಗುಳಿಗೆ ಪೊಟ್ಟಣ ಎರಡನ್ನೂ ಜೊತೆಗೆ ಒಯ್ಯಿರಿ.